ಸಹಾಯ ಬೇಕು: ಶುಗರ್ ಇರುವವರಿಗೆ ಅಂಗವಿಕಲರ ಪಾರ್ಕಿಂಗ್ ಸಿಗುತ್ತಾ?

ನಮಸ್ಕಾರ. ನಮ್ಮಪ್ಪನಿಗೆ 18 ವರ್ಷದಿಂದ ಶುಗರ್. ಪಾದ ಜೋಮು ಹಿಡಿದಂತಿದೆ. ಹೋದ ಮಳೆಗಾಲ ಅಡಿಕೆ ತೋಟದಲ್ಲಿ ಮುಳ್ಳು ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಗಾಯ ಕೊಳೆತು ಎರಡು ಬೆರಳು ತೆಗೆಸಬೇಕಾಯಿತು.

ಮೊನ್ನೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಬಂದೆವು. ವೀಲ್‌ಚೇರ್ ಗುರುತಿದ್ದ ಜಾಗದಲ್ಲಿ ಕಾರು ನಿಲ್ಲಿಸಿದರೆ, ಕಾರ್ಡ್ ತೋರಿಸಿ ಅಂದರು. ಅವರದ್ದೂ ತಪ್ಪಲ್ಲ ಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲ. ಶುಗರ್ ಇದ್ದವರಿಗೆಲ್ಲ ಕೊಟ್ಟರೆ ಜಾಗ ಎಲ್ಲಿ ಸಾಲುತ್ತೆ? (ನನಗೂ ಇದೆ, ಆರಾಮಾಗಿ ನಡೀತೀನಿ.) ಆದರೆ ಅಪ್ಪನಂಥವರಿಗೆ ಸಿಗಬೇಕು ಅಲ್ವಾ?

ಬೆರಳು ತೆಗೆಸಿದವರು ಯಾರಾದರೂ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? ಶೇಕಡಾ 40 ಅಂಗವೈಕಲ್ಯ ಅಂತ ಬರೆದುಕೊಟ್ಟರಾ? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಯಾವ ದಿನ ಹೋಗಬೇಕು, ಏನೇನು ಕಾಗದ ಬೇಕು, ದಯವಿಟ್ಟು ತಿಳಿಸಿ. ಸುಮ್ನೆ ಎರಡು ಸಲ ಅಪ್ಪನನ್ನು ಓಡಾಡಿಸೋದು ಕಷ್ಟ.