ಪದಚರ್ಚೆ: ಮನೆಭೇಟಿಯ ‘ಅಸೆಸ್‌ಮೆಂಟ್’ಗೆ ಕನ್ನಡ ಬೇಕಾಗಿದೆ, ನಾಳೆ ಸಂಜೆಯೊಳಗೆ

ಅನುವಾದಕಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಮಕ್ಕಳ ರಕ್ಷಣೆಯ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಮನೆಭೇಟಿಯ ನಮೂನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾರ್ಯಕರ್ತೆ ಮನೆಗೆ ಹೋಗಿ ಆ ಕುಟುಂಬಕ್ಕೆ ಏನೇನು ಬೇಕು, ಮಗು ಅಲ್ಲಿ ಸುರಕ್ಷಿತವಾಗಿದೆಯೇ ಎಂದು ನೋಡಿ ಬರೆದುಕೊಳ್ಳಬೇಕು; ಅದರ ಆಧಾರದ ಮೇಲೆ ಆರೈಕೆ ಯೋಜನೆ ತಯಾರಾಗುತ್ತದೆ. ಮೂಲದಲ್ಲಿ ಇದನ್ನೆಲ್ಲ ‘ಅಸೆಸ್‌ಮೆಂಟ್’ ಎಂಬ ಒಂದೇ ಪದ ಹೊತ್ತುಕೊಂಡಿದೆ. ನಾನು ‘ಮೌಲ್ಯಮಾಪನ’ ಎಂದು ಹಾಕಿದ್ದೆ; ತಲೆಬರಹ ‘ಕುಟುಂಬದ ಅಗತ್ಯ ಮತ್ತು ಮಗುವಿನ ಸುರಕ್ಷತೆಯ ಮೌಲ್ಯಮಾಪನ’ ಎಂದಾಗಿತ್ತು. ಕರಡನ್ನು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಿಯೊಬ್ಬರಿಗೆ ಓದಿ ಹೇಳಿದಾಗ ಅವರು, ‘ನಮ್ಮ ಮನೆಗೆ ಎಷ್ಟು ಅಂಕ ಹಾಕುತ್ತೀರಿ?’ ಎಂದು ಕೇಳಿದರು. ಮಗ ಎಸ್ಸೆಸ್ಸೆಲ್ಸಿ ಬರೆದಿರುವ ಮನೆ, ಕೇಳದೆ ಇರುತ್ತಾರೆಯೇ! ಪದ ನಮೂನೆಯ ತಲೆಬರಹಕ್ಕೂ ಬೇಕು, ಸಂಸ್ಥೆಯ ಕೊಠಡಿಯ ಫಲಕಕ್ಕೂ ಬೇಕು. ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ.

ಸದಸ್ಯರು, ಹೊಸದುರ್ಗ:

ತನಿಖೆ. ‘ಸಾಮಾಜಿಕ ತನಿಖಾ ವರದಿ’ ಎಂದು ಇಲಾಖೆಯ ಕಾಗದಗಳಲ್ಲಿ ಆಗಲೇ ಇದೆ. ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕುವುದೇಕೆ? ಮೇಲಾಗಿ ಇದು ಅಚ್ಚಗನ್ನಡ. ತನಿ ಎಂದರೆ ಮಾಗಿದ್ದು. ವಿಷಯವನ್ನು ಮಾಗಿಸಿ ತಿಳಿಯುವುದೇ ತನಿಖೆ.

ನಿವೃತ್ತ ಕನ್ನಡ ಅಧ್ಯಾಪಕರು, ಚಿತ್ರದುರ್ಗ:

ತನಿವಣ್ಣಿಗೂ ತನಿಖೆಗೂ ಯಾವ ನಂಟೂ ಇಲ್ಲ. ಅಚ್ಚಗನ್ನಡ ಪದಗಳಲ್ಲಿ ಬಾರದ ಖಕಾರ ಎದುರಿಗೆ ಕುಳಿತಿರುವಾಗ ಅಚ್ಚಗನ್ನಡ ಎನ್ನುವುದಕ್ಕೆ ಬಹಳ ಧೈರ್ಯ ಬೇಕು. ಅರಬ್ಬಿಯ ತನ್‌ಕೀಹ್ ಇಲ್ಲಿಗೆ ಬಂದು ತನಿಖೆಯಾಯಿತು. ತಮಿಳಿನಲ್ಲಿ ತಣಿಕ್ಕೈ ಆಗಿ ಲೆಕ್ಕಪರಿಶೋಧನೆಯ ಕೆಲಸಕ್ಕೆ ಸೇರಿತು. ಇದನ್ನು ಈ ಬಳಗದಲ್ಲಿ ಮತ್ತೆ ಮತ್ತೆ ಹೇಳಬೇಕಾಗಿರುವುದು ಬೇಸರದ ಸಂಗತಿ.

ಅನುವಾದಕಿಯವರಿಗೆ: ನಮ್ಮದೇ ಧಾತು ಕೈಯಳತೆಯಲ್ಲಿದೆ. ಹಳಗನ್ನಡದ ‘ಆರಯ್’ಗೆ ಹುಡುಕು, ವಿಚಾರಿಸಿ ನೋಡು ಎಂಬ ಅರ್ಥವೂ ಇದೆ, ಸಲಹು ಎಂಬ ಅರ್ಥವೂ ಇದೆ. ತಮಿಳಿನಲ್ಲಿ ಸಂಶೋಧನೆಗೆ ಹೇಳುವ ಆರಾಯ್ಚ್ಚಿ ಇದರ ಒಡಹುಟ್ಟು. ನಾವು ಸಲಹುವ ಅರ್ಥವನ್ನು ಮಾತ್ರ ‘ಆರೈಕೆ’ಯಲ್ಲಿ ಉಳಿಸಿಕೊಂಡು ನೋಡುವ ಅರ್ಥವನ್ನು ಕೈಬಿಟ್ಟೆವು. ನೋಡುವುದೂ ಸಲಹುವುದೂ ಬೇರೆಯಲ್ಲ ಎಂದು ಹಿರಿಯರು ತಿಳಿದಿದ್ದರು. ‘ಆರಯ್ಕೆ’ ಎಂದು ಧೈರ್ಯವಾಗಿ ಬರೆಯಿರಿ.

ಅನುವಾದಕಿ:

ಗುರುಗಳೇ, ವ್ಯುತ್ಪತ್ತಿ ಸೊಗಸಾಗಿದೆ. ಆದರೆ ಹಾಳೆಯ ಮೇಲೆ ‘ಆರೈಕೆ ಯೋಜನೆಗಾಗಿ ಆರಯ್ಕೆ’ ಎಂದಾಗುತ್ತದೆ. ಮುದ್ರಣಾಲಯದವರು ಅಚ್ಚಿನ ದೋಷವೆಂದು ಒಂದನ್ನು ಹೊಡೆದುಹಾಕುತ್ತಾರೆ.

ಕರಡು ತಿದ್ದುವವರು, ದಾವಣಗೆರೆ:

ಖಂಡಿತ ಹೊಡೆದುಹಾಕುತ್ತೇವೆ. ‘ಅಂದಾಜು’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

ಅಧ್ಯಾಪಕರು:

ಅಂದಾಜು ಪಾರಸಿ.

ಕರಡು ತಿದ್ದುವವರು:

ಆಗಿರಲಿ ಸರ್. ಜಿಲ್ಲೆ, ತಾಲ್ಲೂಕು, ಅರ್ಜಿ, ದಾಖಲೆ ಯಾವುದು ನಮ್ಮ ಹಿತ್ತಲಲ್ಲಿ ಹುಟ್ಟಿದ್ದು? 1997ರಲ್ಲಿ ದಾವಣಗೆರೆ ನಿಮ್ಮ ಚಿತ್ರದುರ್ಗದಿಂದ ಬೇರೆಯಾಗಿದ್ದು ‘ಜಿಲ್ಲೆ’ ಎಂಬ ಹೆಸರಿನಲ್ಲಿಯೇ. ಪಾರಸಿ, ಅರಬ್ಬಿಯಿಂದ ಬಂದರೆ ಹೊರಗಿನದು, ಸಂಸ್ಕೃತದಿಂದ ಬಂದರೆ ಮನೆಮಗಳು ಎಂಬ ನ್ಯಾಯ ನನಗೆ ಅರ್ಥವಾಗುವುದಿಲ್ಲ. ತಲೆಬರಹದಲ್ಲಿರುವ ಅಗತ್ಯ, ಸುರಕ್ಷತೆ ಎಲ್ಲಿಂದ ಬಂದವೆಂದು ಯಾರೂ ಕೇಳಲೇ ಇಲ್ಲ.

ಅಧ್ಯಾಪಕರು:

ನಾನು ಸಂಸ್ಕೃತದ ಪರ ಎಂದು ಎಲ್ಲಿ ಹೇಳಿದೆ? ಓದಿ ಉತ್ತರಿಸುವ ಅಭ್ಯಾಸವಿರಲಿ.

ಮಕ್ಕಳ ರಕ್ಷಣೆಯ ಕೆಲಸದಿಂದ ನಿವೃತ್ತರಾದವರು, ಚಳ್ಳಕೆರೆ:

ಜಗಳವನ್ನು ಒಂದು ಗಳಿಗೆ ಬದಿಗಿಟ್ಟು ಈ ಹಾಳೆ ಯಾರ ಕೈಯಲ್ಲಿರುತ್ತದೆ ಎಂದು ನೋಡೋಣ. ಅಂದಾಜು ಬೇಡ. ರಸ್ತೆ ಕಾಮಗಾರಿಗೆ ಅಂದಾಜು ಪಟ್ಟಿ ಆಗುತ್ತದೆ, ಮಗುವಿನ ಸುರಕ್ಷತೆಯನ್ನು ಅಂದಾಜಿಗೆ ಬಿಡುವಂತಿಲ್ಲ. ತನಿಖೆ ಮಕ್ಕಳ ಕಲ್ಯಾಣ ಸಮಿತಿಯ ಕಡತದಲ್ಲಿ ಇದ್ದುಕೊಳ್ಳಲಿ. ಹೊಸ್ತಿಲಲ್ಲಿ ನಿಂತು ಆ ಮಾತನ್ನಾಡಿದರೆ ಮನೆಯವರು ಪೊಲೀಸರು ಬಂದರೆಂದೇ ತಿಳಿಯುತ್ತಾರೆ, ಆಮೇಲೆ ಕೇಳಿದ್ದಕ್ಕೆಲ್ಲ ‘ಎಲ್ಲಾ ಚೆನ್ನಾಗಿದೆ’ ಎಂಬ ಒಂದೇ ಉತ್ತರ.

ನಿಜವಾದ ತೊಡಕು ಬೇರೆ ಕಡೆ ಇದೆ. ಅಗತ್ಯವನ್ನೂ ಅಪಾಯವನ್ನೂ ಒಂದೇ ನಾಮಪದಕ್ಕೆ ಕಟ್ಟಿದರೆ ಹೊಸ ಕಾರ್ಯಕರ್ತೆಗೆ ಅವೆರಡೂ ಒಂದೇ ಆಗಿ ಕಾಣುತ್ತವೆ. ನಮ್ಮ ಕಡೆ ತಂದೆತಾಯಿ ಗುಳೆ ಹೋಗಿ ಮಗು ಅಜ್ಜಿಯ ಜೊತೆ ಉಳಿದಿರುವ ಮನೆಗಳು ಎಷ್ಟೋ. ಅಕ್ಕಿ ಡಬ್ಬಿಯ ತಳ ಕಾಣುತ್ತಿರುತ್ತದೆ, ಅಜ್ಜಿಯ ಕಣ್ಣಿಗೆ ಪೊರೆ ಬಂದಿರುತ್ತದೆ, ಶಾಲೆಯ ಚೀಲ ಮೊಳೆಯಿಂದ ಇಳಿಯದೆ ವಾರವಾಗಿರುತ್ತದೆ. ಇದು ಅಗತ್ಯ. ಪಡಿತರ ಚೀಟಿ ಸರಿಪಡಿಸಬೇಕು, ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಅರ್ಹತೆಯಿದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವಕ್ಕೆ, ಅಂದರೆ ಮಗುವನ್ನು ಮನೆಯಲ್ಲಿಯೇ ಸಾಕಲು ಕೊಡುವ ನೆರವಿಗೆ, ಅರ್ಜಿ ಹಾಕಿಸಬೇಕು. ಮಗು ಅಜ್ಜಿಯ ಮಗ್ಗುಲಲ್ಲಿಯೇ ಇರಲಿ.

ಇನ್ನೊಂದು ಮನೆಯಲ್ಲಿ ಡಬ್ಬಿ ತುಂಬಿರುತ್ತದೆ, ಟಿವಿ ಇರುತ್ತದೆ. ಮಗು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿದರೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಗುವನ್ನು ಬೇರೆ ಕೂರಿಸಿ ಮಾತನಾಡಿಸಿದಾಗ ಒಬ್ಬ ನೆಂಟನ ಹೆಸರು ಬಂದ ಕೂಡಲೇ ಅದರ ಮಾತು ನಿಂತುಬಿಡುತ್ತದೆ. ಅದು ಅಪಾಯ. ಅದಕ್ಕೆ ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ. ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ರಕ್ಷಿಸಿ ಕರೆತಂದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆಗೆ 15 ದಿನ ಎಂದಿರುವುದು ಅದರ ನಂತರದ ಮಾತು.

ಬಡತನವನ್ನು ಅಪಾಯದ ಅಂಕಣದಲ್ಲಿ ಬರೆದು ಮಗುವನ್ನು ಬಾಲಮಂದಿರಕ್ಕೆ ಕಳುಹಿಸುವುದು ಸುಲಭ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂದು ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ನಮೂನೆಯಲ್ಲಿ ಎರಡು ಭಾಗ ಮಾಡಿ, ನಾಮಪದದ ಹಂಗು ಬಿಟ್ಟು ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ: ‘ಈ ಕುಟುಂಬಕ್ಕೆ ಏನು ಬೇಕು?’, ‘ಈ ಮಗುವಿಗೆ ಯಾವುದರಿಂದ, ಯಾರಿಂದ ಅಪಾಯ?’ ಮೇಲಿನ ತಲೆಬರಹಕ್ಕೆ ‘ಪರಿಶೀಲನೆ’ ಸಾಕು, ಸಮಿತಿಯ ಮುಂದೆಯೂ ನಿಲ್ಲುತ್ತದೆ. ಫಲಕಕ್ಕೆ ‘ಕ್ಷೇಮ ವಿಚಾರಣೆ’ ಎಂದು ಬರೆಸಿ.

ಸದಸ್ಯರು, ಹೊಸದುರ್ಗ:

ವಿಚಾರಣೆ ಎಂದರೆ ಕೋರ್ಟು. ನನ್ನ ತನಿಖೆಗೆ ಪೊಲೀಸ್ ವಾಸನೆ ಎಂದವರು ಇದನ್ನು ಹೇಗೆ ಒಪ್ಪುತ್ತಾರೆ?

ಚಳ್ಳಕೆರೆಯಿಂದ:

ಊರಿಗೆ ಬಂದ ನೆಂಟರ ಯೋಗಕ್ಷೇಮ ವಿಚಾರಿಸುವಾಗ ನೀವು ವಕೀಲರನ್ನು ಕರೆದುಕೊಂಡು ಹೋಗುತ್ತೀರೇನು?

ಅಧ್ಯಾಪಕರು:

ಪರಿಶೀಲನೆಯೂ ಸಂಸ್ಕೃತ, ಕ್ಷೇಮವೂ ಸಂಸ್ಕೃತ, ವಿಚಾರಣೆಯೂ ಸಂಸ್ಕೃತ. ನನ್ನನ್ನು ಸಂಸ್ಕೃತದ ಪರ ಎಂದವರು ಈಗ ಎಲ್ಲಿ ಹೋದರು? ಆರಯ್ಕೆಗೆ ಈ ಬಳಗದಲ್ಲಿ ಜಾಗವಿಲ್ಲವೆಂದಾದರೆ ನಾನು ಹೆಚ್ಚು ಹೇಳುವುದಿಲ್ಲ. ಅಂದಾಜಿನ ಕುರಿತು ಪ್ರತ್ಯೇಕ ಪತ್ರ ಬರೆಯುತ್ತೇನೆ.

ಅನುವಾದಕಿ:

ಚಳ್ಳಕೆರೆಯವರ ಸಲಹೆಯಂತೆ ನಮೂನೆಯನ್ನು ಎರಡು ಭಾಗ ಮಾಡಿದ್ದೇನೆ. ತಲೆಬರಹ ‘ಕುಟುಂಬದ ಅಗತ್ಯ ಮತ್ತು ಮಗುವಿನ ಸುರಕ್ಷತೆಯ ಪರಿಶೀಲನೆ’. ಫಲಕಕ್ಕೆ ‘ಕ್ಷೇಮ ವಿಚಾರಣೆ’ಯನ್ನು ಸಂಸ್ಥೆಯವರು ಒಪ್ಪಿದ್ದಾರೆ. ಒಳಪುಟದಲ್ಲಿ ‘ಪ್ರಾಯೋಜಕತ್ವ’ ಎಂಬ ಪದವೂ ಇದೆ. ಇಲಾಖೆಯ ಅರ್ಜಿಯಲ್ಲಿ ಅದೇ ಇರುವುದರಿಂದ ಹಾಗೆಯೇ ಬಿಟ್ಟಿದ್ದೇನೆ. ದಯವಿಟ್ಟು ಮುದ್ರಣ ಮುಗಿಯುವವರೆಗೆ ಅದರ ಚರ್ಚೆ ಬೇಡ.