ಸಹಾಯ ಬೇಕು: ಸಮ್ಮೋಹನದ ನಡುವೆ ನಿದ್ದೆ ಬಂದರೆ ಸೂಚನೆ ಫಲಿಸುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು. ಕವಳದ (ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯ) ಚಟ ಬಿಡಲು ಎರಡು ತಿಂಗಳಿಂದ ಸಮ್ಮೋಹನ ಚಿಕಿತ್ಸೆ ಪಡೆಯುತ್ತಿದ್ದೇನೆ. ಚಿಕಿತ್ಸಕರು ಧ್ವನಿಮುದ್ರಿಸಿ ಕೊಟ್ಟ ಸೂಚನೆಗಳನ್ನು ರಾತ್ರಿ ಮಲಗಿ ಕೇಳುವಾಗ, ಹಂಚಿನ ಮೇಲಿನ ಮಳೆಯ ಸದ್ದೂ ಸೇರಿಕೊಂಡು, ‘ಹೊಗೆಸೊಪ್ಪು ಬೇಡ’ ಎಂಬ ಮುಖ್ಯ ಮಾತು ಬರುವಷ್ಟರಲ್ಲಿ ನಾನು ಗೊರಕೆ ಹೊಡೆಯುತ್ತಿರುತ್ತೇನೆ ಎಂಬುದು ಮನೆಯಾಕೆಯ ದೂರು.

ನಿದ್ದೆ ಎಂಬರ್ಥದ ಗ್ರೀಕ್ ಪದದಿಂದ ಸಮ್ಮೋಹನಕ್ಕೆ ‘ಹಿಪ್ನಾಟಿಸಂ’ ಎಂಬ ಹೆಸರನ್ನು 1840ರ ದಶಕದಲ್ಲಿ ಬಳಕೆಗೆ ತಂದ ವೈದ್ಯ ಜೇಮ್ಸ್ ಬ್ರೇಡ್ ಅವರೇ ಮುಂದೆ ಅದು ನಿದ್ದೆಯಲ್ಲ, ಒಂದೇ ವಿಚಾರದಲ್ಲಿ ನೆಟ್ಟ ಏಕಾಗ್ರತೆ ಎಂಬ ನಿಲುವಿಗೆ ಬಂದರು. ಸಮ್ಮೋಹನದಲ್ಲಿ ಮೆದುಳಿನ ತರಂಗಗಳೂ ನಿದ್ದೆಗಿಂತ ಎಚ್ಚರವನ್ನೇ ಹೆಚ್ಚು ಹೋಲುತ್ತವೆ. ಹಾಗಾಗಿ ಗಾಢ ನಿದ್ದೆಯಲ್ಲಿ ಕಿವಿಗೆ ಬಿದ್ದದ್ದು ವ್ಯರ್ಥವೆಂದೇ ನನ್ನ ಅನುಮಾನ. ಜೊಂಪಿನಲ್ಲಿ ಕೇಳಿದ್ದಕ್ಕೆ ಸ್ವಲ್ಪವಾದರೂ ಪರಿಣಾಮವಿದೆಯೇ, ಅಥವಾ ಬೆಳಿಗ್ಗೆ ಕುಳಿತೇ ಕೇಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.