ಪದ ಬೇಕು: ಮಲಯಾಳದ ‘ಘಟಕಕಕ್ಷಿ’ಗೆ ಕನ್ನಡದಲ್ಲಿ ಏನು? (ಇವತ್ತೇ ಬೇಕು)

ನಮಸ್ಕಾರ. ಮತದಾರರಿಗಾಗಿ ಮಲಯಾಳದಲ್ಲಿ ಬಂದ ಒಂದು ಕೈಪಿಡಿಯನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ ಕಡೆ ಹಂಚಲಿಕ್ಕೆ. ಸಂಜೆ ಪ್ರೆಸ್ಸಿಗೆ ಕೊಡಬೇಕು. ‘ಮುನ್ನಣಿ’ಗೆ (ಒಟ್ಟಾಗಿ ಚುನಾವಣೆಗೆ ನಿಲ್ಲುವ ಪಕ್ಷಗಳ ಗುಂಪು) ರಂಗ ಅಂತ ಹಾಕಿದ್ದೇನೆ. ಎಡರಂಗ (ಎಲ್‌ಡಿಎಫ್), ಐಕ್ಯರಂಗ (ಯುಡಿಎಫ್) ನಮಗೆ ರೂಢಿ. ತೊಡಕಾದದ್ದು ‘ಘಟಕಕಕ್ಷಿ’, ಅಂದರೆ ಮುನ್ನಣಿಯ ಒಳಗಿರುವ ಒಂದೊಂದು ಪಕ್ಷ. ಕಕ್ಷಿ ಅಂದರೆ ನಮಗೆ ಕೋರ್ಟಿನ ಕಕ್ಷಿದಾರ. ಘಟಕ ಅಂದರೆ ಬೂತ್ ಘಟಕ, ಗ್ರಾಮ ಘಟಕ. ‘ಮಿತ್ರಪಕ್ಷ’ ಸಾಕಾ? ವಾಕ್ಯ ಹೀಗಿದೆ: “ಮುನ್ನಣಿಯಲ್ಲಿ ಎಷ್ಟು ಘಟಕಕಕ್ಷಿಗಳಿದ್ದರೂ ಮತಯಂತ್ರದಲ್ಲಿ ಮುನ್ನಣಿಯ ಹೆಸರು ಇರುವುದಿಲ್ಲ, ಅಭ್ಯರ್ಥಿಯ ಚಿಹ್ನೆ ಇರುತ್ತದೆ.”

ಮರು:
ಮೊದಲು ಆ ‘ರಂಗ’ ತೆಗೆಯಿರಿ. ನಮ್ಮದೇ ‘ಕೂಟ’ ಇರುವಾಗ ಸಂಸ್ಕೃತದ ಸಾಲ ಯಾಕೆ? ಓಡು–ಓಟ, ನೋಡು–ನೋಟ, ಕೂಡು–ಕೂಟ. ‘ಎಡಕೂಟ’ ಅನ್ನಿ, ಘಟಕಕಕ್ಷಿಗೆ ‘ಕೂಟದ ಪಕ್ಷ’ ಅನ್ನಿ. ಮಲಯಾಳದವರನ್ನು ನೋಡಿ. ಮುನ್, ಅಣಿ ಸೇರಿಸಿ ತಮ್ಮ ಮಾತಿನಲ್ಲೇ ಮುನ್ನಣಿ ಕಟ್ಟಿಕೊಂಡರು. ಬೆಂಗಳೂರಿನ ಪತ್ರಿಕೆಗಳೂ ‘ಮೈತ್ರಿಕೂಟ’ದವರೆಗೆ ಅರ್ಧ ದಾರಿ ಬಂದಿವೆ.

ಮರು:
ಒಪ್ಪುವುದಿಲ್ಲ ಮಾಷ್ಟ್ರೇ. ಕೂಟ ಅಂದರೆ ನಮ್ಮಲ್ಲಿ ತಾಳಮದ್ದಳೆ. ‘ಎಡಕೂಟ’ ಯಾರಿಗೂ ತಿಳಿಯದು. ಸಂಸ್ಕೃತ ಬೇಡ ಅಂದವರು ‘ಪಕ್ಷ’ವನ್ನು ಯಾಕೆ ಉಳಿಸಿಕೊಂಡಿರಿ? ರಂಗ ಗಡಿಯಾಚೆ ಕರ್ನಾಟಕಕ್ಕೂ ಹೊಸದಲ್ಲ. ಕ್ರಾಂತಿರಂಗ ಇತ್ತು. 1983ರಲ್ಲಿ ಗೆದ್ದದ್ದು ಜನತಾರಂಗ. 1996ರಲ್ಲಿ ದೇವೇಗೌಡರು ಪ್ರಧಾನಿಯಾದದ್ದು ಸಂಯುಕ್ತರಂಗದಿಂದ.

ಕೇಳಿದ ಪದಕ್ಕೆ ‘ಅಂಗಪಕ್ಷ’ ಹಾಕಿ. ಮಿತ್ರಪಕ್ಷ ಬೇಡ. ಹೊರಗಿನಿಂದ ಬೆಂಬಲ ಕೊಡುವವರೂ ಮಿತ್ರರೇ ಅಲ್ವಾ? 1996ರ ಆ ಸರ್ಕಾರಕ್ಕೆ ಕಾಂಗ್ರೆಸ್ ಬೆಂಬಲ ಕೊಟ್ಟಿತ್ತು, ಆದರೆ ರಂಗದ ಒಳಗೆ ಇರಲಿಲ್ಲ. ಇಲ್ಲಿ ಸಿಪಿಐ ಎಡರಂಗದ ಅಂಗ, ಮುಸ್ಲಿಂ ಲೀಗ್ ಐಕ್ಯರಂಗದ ಅಂಗ. ಮತದಾನಕ್ಕೆ ಮೊದಲೇ ಸೀಟು ಹಂಚಿಕೊಂಡು ನಿಲ್ಲುತ್ತವೆ. ಕರ್ನಾಟಕದಲ್ಲಿ 2018ರಲ್ಲಿ ಕಾಂಗ್ರೆಸ್, ಜೆಡಿಎಸ್ ಎದುರುಬದುರು ನಿಂತು, ಫಲಿತಾಂಶ ಬಂದ ಮೇಲೆ ಒಂದಾದವು. ಅದು ಸಮ್ಮಿಶ್ರ ಸರ್ಕಾರ, ರಂಗ ಅಲ್ಲ. ಎರಡಕ್ಕೂ ಕೂಟ ಅಂದರೆ ಓದುವವನಿಗೆ ವ್ಯತ್ಯಾಸವೇ ಸಿಗುವುದಿಲ್ಲ. ಮಂಜೇಶ್ವರದಲ್ಲಿ 2016ರಲ್ಲಿ ಗೆಲುವಿನ ಅಂತರ ಬರೀ 89 ಮತ. ಅಂಥ ಊರಿಗೆ ಹೋಗುವ ಕೈಪಿಡಿ ಇದು. ಪದಪ್ರಯೋಗಕ್ಕೆ ಬೇರೆ ಜಾಗ ಹುಡುಕಿ.

ಮರು:
ರೂಢಿಯಲ್ಲಿದೆ ಅನ್ನುವುದು ವಾದವಲ್ಲ. ಹೀಗೆ ಬಿಟ್ಟೇ ನಮ್ಮ ಮಕ್ಕಳ ಬಾಯಲ್ಲಿ ಅಭ್ಯರ್ಥಿ ಹೋಗಿ ಮಲಯಾಳದ ‘ಸ್ಥಾನಾರ್ಥಿ’ ಬಂದಿದೆ. ನಾಳೆ ಚುನಾವಣೆಯೂ ‘ತಿರಞ್ಞೆಡುಪ್ಪು’ ಆಗುತ್ತದೆ. ಆಗ ಯಾರನ್ನು ಕೇಳುತ್ತೀರಿ?

ಮರು:
ಸ್ಥಾನಾರ್ಥಿ ಬಂದರೆ ಕನ್ನಡ ಸಾಯುವುದಿಲ್ಲ. ಕಾಗದಪತ್ರ ಮಲಯಾಳದಲ್ಲಿ ಮಾತ್ರ ಬಂದರೆ ಸಾಯುತ್ತದೆ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಗಡಿನಾಡಿನವರಿಗೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಸಿಟ್ಟನ್ನು ಅಲ್ಲಿ ತೋರಿಸೋಣ. ಎರವಲು ಪದಗಳ ಮೇಲೆ ಸುಮ್ನೆ ಯಾಕೆ?

ಮರು:
‘ಅಂಗಪಕ್ಷ’ ಹಾಕಿದೆ, ‘ರಂಗ’ ಉಳಿಸಿದೆ. ಇನ್ನೊಂದು ಬಾಕಿ ಇದೆ. ಮಲಯಾಳದ ‘ಸ್ವತಂತ್ರನ್’ಗೆ ಪಕ್ಷೇತರ ಅಂದರೆ, ಎಡರಂಗದ ಬೆಂಬಲದಲ್ಲಿ ನಿಂತವನಿಗೂ ಅದೇ ಹೊಂದುತ್ತದಾ? ‘ಎಡರಂಗ ಬೆಂಬಲಿತ ಪಕ್ಷೇತರ’ ಅಂತ ಬರೆದಿದ್ದೇನೆ. ತಕರಾರು ಇದ್ದವರು ಐದು ಗಂಟೆಯೊಳಗೆ ಹೇಳಿ.